ಎದೆಹಾಲುಣಿಸುವ ತಾಯಿಗೆ ತಂದೆ ನೆರವಾಗಲು ಸಾಮಾಜಿಕ ಜಾಲತಾಣವನ್ನು ಬಳಸುವುದು ಹೇಗೆ?

ಪ್ರಸವಪೂರ್ವ ತರಗತಿಯ ಶುಶ್ರೂಷಕ:

ಗರ್ಭಿಣಿಯರಿಗಾಗಿ ನಾವು ನಡೆಸುವ ತರಗತಿಗೆ ಅವರ ಪತಿಯರೂ ಬರುತ್ತಾರೆ. ಹೆಚ್ಚಿನವರು ಹಿಂದಿನ ಸಾಲಿನಲ್ಲಿ ಕುಳಿತಿದ್ದು, ಹಾಲುಣಿಸುವ ಪಾಠ ಆರಂಭವಾದೊಡನೆ ಫೋನ್ ಕೈಗೆತ್ತಿಕೊಳ್ಳುತ್ತಾರೆ. ಅದು ತಮಗೆ ಸಂಬಂಧಪಟ್ಟದ್ದಲ್ಲ ಎಂಬ ಭಾವನೆಯಿಂದಲೋ, ಗಮನವಿಟ್ಟು ನೋಡಿದರೆ ಯಾರೇನು ತಿಳಿದುಕೊಳ್ಳುತ್ತಾರೋ ಎಂಬ ಸಂಕೋಚದಿಂದಲೋ, ಹೇಳಲಾರೆ. ಹೇಗೂ ಕಣ್ಣು ಅಲ್ಲೇ ನೆಟ್ಟಿರುವುದರಿಂದ, ಪಾಠವನ್ನು ಆ ಫೋನಿಗೇ ತಲುಪಿಸುವ ಯೋಚನೆ ನಮಗೆ ಬಂದಿದೆ. ಹೆರಿಗೆಗೆ ಎರಡು ತಿಂಗಳಿರುವಾಗ ಆರಂಭಿಸಿ ಮಗುವಿಗೆ ಆರು ತಿಂಗಳು ತುಂಬುವವರೆಗೆ ತಂದೆಯರಿಗಾಗಿಯೇ ಒಂದು ವಾಟ್ಸ್‌ಆ್ಯಪ್ ಗುಂಪನ್ನು ನಡೆಸಬೇಕೆಂದಿದ್ದೇವೆ. ಅದರಲ್ಲಿ ಏನು ಹಾಕಬೇಕು, ಏನು ಹಾಕಬಾರದು, ಯಾರು ಇರಬೇಕು ಎಂಬ ಬಗ್ಗೆ ತಿಳಿದವರ ಮತ್ತು ಅನುಭವ ಉಳ್ಳವರ ಅಭಿಪ್ರಾಯ ಬೇಕಾಗಿದೆ. "ಹೆಂಡತಿಗೆ ಬೆಂಬಲವಾಗಿರಿ" ಎಂಬ ಬಣ್ಣದ ಪೋಸ್ಟರುಗಳು ನಮ್ಮಲ್ಲಿ ಬೇಕಾದಷ್ಟಿವೆ. ಅವುಗಳಿಂದ ಏನೂ ಆಗಿಲ್ಲವೆಂಬುದನ್ನು ಮೊದಲೇ ತಿಳಿಸಿಬಿಡುತ್ತೇನೆ.

ಹಾಲುಣಿಸುವಿಕೆಯ ಸಲಹೆಗಾರ್ತಿ:

ಪೋಸ್ಟರುಗಳಿಂದ ಏನೂ ಆಗದಿರುವುದಕ್ಕೆ ಕಾರಣವಿದೆ. ಬೆಂಬಲವಾಗಿರಿ ಎಂದು ಹೇಳಿದರೆ ಗಂಡಸಿಗೆ ಏನು ಮಾಡಬೇಕೆಂದು ತಿಳಿಯುವುದಿಲ್ಲ; ಪಕ್ಕದಲ್ಲಿ ನಿಂತು "ಹೇಗಿದೆ, ಕುಡಿಯುತ್ತಿದೆಯಾ" ಎಂದು ಮತ್ತೆ ಮತ್ತೆ ಕೇಳುವುದನ್ನೇ ಆತ ಬೆಂಬಲವೆಂದು ಭಾವಿಸುತ್ತಾನೆ. ಈ ವಿಷಯದಲ್ಲಿ ನಾನು ಸದಾ ನೆನಪಿಸಿಕೊಳ್ಳುವುದು ಇಟಲಿಯ ನೇಪಲ್ಸ್‌ನಲ್ಲಿ ನಡೆದು 2005ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು. 280 ದಂಪತಿಗಳನ್ನು ಎರಡು ಗುಂಪು ಮಾಡಿ, ತಾಯಂದಿರೆಲ್ಲರಿಗೂ ಒಂದೇ ಬಗೆಯ ಸಲಹೆ ನೀಡಲಾಯಿತು. ವ್ಯತ್ಯಾಸವಿದ್ದದ್ದು ತಂದೆಯರಿಗೆ ಹೇಳಿಕೊಟ್ಟದ್ದರಲ್ಲಿ ಮಾತ್ರ. ಒಂದು ಗುಂಪಿನವರಿಗೆ ಶಿಶುಪಾಲನೆಯ ಸಾಮಾನ್ಯ ವಿಷಯಗಳನ್ನು ತಿಳಿಸಿದರೆ, ಇನ್ನೊಂದು ಗುಂಪಿನವರಿಗೆ ಹಾಲುಣಿಸುವಾಗ ಎದುರಾಗುವ ತೊಂದರೆಗಳು ಯಾವುವು, ಪ್ರತಿಯೊಂದಕ್ಕೂ ಏನು ಮಾಡಬೇಕು ಎಂಬುದನ್ನು ಕಲಿಸಿದರು. ಆರು ತಿಂಗಳ ಹೊತ್ತಿಗೆ ಮೊದಲ ಗುಂಪಿನಲ್ಲಿ 15% ತಾಯಂದಿರು ಪೂರ್ಣವಾಗಿ ಎದೆಹಾಲು ನೀಡುತ್ತಿದ್ದರೆ ಎರಡನೆಯದರಲ್ಲಿ 25% ಮಂದಿ ನೀಡುತ್ತಿದ್ದರು. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಬೇರೊಂದು ಅಂಕಿ: "ನನಗೆ ಹಾಲು ಸಾಲುತ್ತಿಲ್ಲ" ಎಂದು ಭಾವಿಸಿದ ತಾಯಂದಿರು ಮೊದಲ ಗುಂಪಿನಲ್ಲಿ 27% ಇದ್ದರು, ತಂದೆಗೆ ತೊಂದರೆಗಳ ಬಗ್ಗೆ ಕಲಿಸಿದ್ದ ಗುಂಪಿನಲ್ಲಿ 9%ಕ್ಕೂ ಕಡಿಮೆ. ತಾಯಂದಿರ ದೇಹಗಳಲ್ಲಿ ಅಂತಹ ವ್ಯತ್ಯಾಸವಿರಲು ಸಾಧ್ಯವಿಲ್ಲ. ಮನೆಯೊಳಗಿನ ಮಾತು ಬದಲಾಗಿತ್ತು, ಅಷ್ಟೇ.

ಅಮೆರಿಕದ ಬಾಲ್ಟಿಮೋರ್‌ನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಇನ್ನೊಂದು ಚಿಕ್ಕ ಪ್ರಯೋಗದಲ್ಲಿ, ತಂದೆಯಾಗಲಿರುವವರಿಗೆ ಎರಡು ಗಂಟೆಗಳ ಒಂದೇ ತರಗತಿ ನಡೆಸಿದ್ದರು. ಆ ಗುಂಪಿನಲ್ಲಿ 74% ತಾಯಂದಿರು ಎದೆಹಾಲು ಆರಂಭಿಸಿದರೆ ಇನ್ನೊಂದರಲ್ಲಿ 41% ಮಂದಿ ಮಾತ್ರ ಆರಂಭಿಸಿದ್ದರು. ಇವೆರಡೂ ಮುಖಾಮುಖಿ ನಡೆದ ತರಗತಿಗಳೇ ಹೊರತು ಜಾಲತಾಣದ ಪ್ರಯೋಗಗಳಲ್ಲ ಎಂಬುದನ್ನು ಮರೆಯಬಾರದು. ಆದರೂ ನಿಮ್ಮ ಗುಂಪಿನ ಒಡಲಲ್ಲಿ ಏನಿರಬೇಕೆಂಬುದಕ್ಕೆ ಇವು ಉತ್ತರ ಕೊಡುತ್ತವೆ. ಕಷ್ಟ ಬಂದಾಗ ಉಪಯೋಗಕ್ಕೆ ಬರುವ ತಿಳಿವಳಿಕೆಯನ್ನು ಕೊಡಿ. ಹುರಿದುಂಬಿಸುವ ಮಾತುಗಳನ್ನು ಕಡಿಮೆ ಮಾಡಿ.

ಇಬ್ಬರು ಮಕ್ಕಳ ತಾಯಿ:

ಒಂದು ಆಕ್ಷೇಪವನ್ನು ದಾಖಲಿಸಬೇಕಾಗಿದೆ. ಮೇಲಿನ ಬರಹಗಳಲ್ಲಿ ತಂದೆಗೆ ಕಲಿಸುವ ಮಾತಿದೆ. ತಾಯಿಗೆ ಅದು ಬೇಕೋ ಬೇಡವೋ ಎಂದು ಯಾರೂ ಕೇಳಿದಂತೆ ಕಾಣುವುದಿಲ್ಲ. ಹೆರಿಗೆಯಾದ ಮೊದಲ ವಾರಗಳಲ್ಲಿ ನನಗೆ ಸಲಹೆಗಳ ಕೊರತೆ ಇರಲಿಲ್ಲ. ಮನೆಗೆ ಬಂದವರು, ಫೋನ್ ಮಾಡಿದವರು ಎಲ್ಲರೂ ಹೇಳುತ್ತಿದ್ದರು. ಅವರೆಲ್ಲರ ನಡುವೆ ಗಂಡನೂ ಫೋನ್ ಹಿಡಿದು ಬಂದು "ಇಲ್ಲಿ ಹೀಗೆ ಬರೆದಿದ್ದಾರೆ, ನೀನು ಮಗುವನ್ನು ಹಿಡಿದಿರುವ ರೀತಿ ಸರಿಯಿಲ್ಲವಂತೆ" ಎಂದು ಓದಿ ಹೇಳಿದರೆ, ಅದು ನೆರವಲ್ಲ, ಮೇಲ್ವಿಚಾರಣೆ. ನಿಮ್ಮ ಗುಂಪು ಹತ್ತು ಗಂಡಸರನ್ನು ಹತ್ತು ಪರೀಕ್ಷಕರನ್ನಾಗಿ ಮಾಡಿಬಿಟ್ಟರೆ ಅದರ ಶಿಕ್ಷೆ ಅನುಭವಿಸುವವರು ನಾವು. ಗುಂಪಿಗೆ ಸೇರಿಸುವ ಮೊದಲು ತಾಯಿಯ ಒಪ್ಪಿಗೆ ಪಡೆಯಿರಿ. ಗುಂಪಿನಲ್ಲಿ ಬರುವ ಪ್ರತಿ ಸಂದೇಶವೂ ತಂದೆ ಮಾಡಬೇಕಾದ ಕೆಲಸದ ಬಗ್ಗೆ ಇರಲಿ, ತಾಯಿ ಮಾಡುತ್ತಿರುವುದರ ತಪ್ಪು ಒಪ್ಪುಗಳ ಬಗ್ಗೆ ಬೇಡ.

ಹಾಲುಣಿಸುವಿಕೆಯ ಸಲಹೆಗಾರ್ತಿ:

ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ, ಮತ್ತು ಅದಕ್ಕೆ ಶರೀರಶಾಸ್ತ್ರದ ಆಧಾರವೂ ಇದೆ. ಹಾಲು ತಯಾರಾಗಲು ಪ್ರೊಲ್ಯಾಕ್ಟಿನ್ ಎಂಬ ಹಾರ್ಮೋನು ಬೇಕಾದರೆ, ತಯಾರಾದ ಹಾಲು ಇಳಿದುಬರಲು ಆಕ್ಸಿಟೋಸಿನ್ ಎಂಬ ಇನ್ನೊಂದು ಹಾರ್ಮೋನು ಬೇಕು. ನೋವು, ಆತಂಕ, ಮುಜುಗರ ಇವೆಲ್ಲ ಆಕ್ಸಿಟೋಸಿನ್‌ನ ಕೆಲಸಕ್ಕೆ ತಾತ್ಕಾಲಿಕವಾಗಿ ಅಡ್ಡಿಯಾಗುತ್ತವೆ. ಎದುರಿಗೆ ನಿಂತು ಕೊರತೆ ಹುಡುಕುವವರಿದ್ದರೆ ತುಂಬಿದ ಎದೆಯಿಂದಲೂ ಹಾಲು ಸರಾಗವಾಗಿ ಇಳಿಯದಿರಬಹುದು. ಬಂದವರನ್ನು ಹೊರಗಿನ ಕೋಣೆಯಲ್ಲಿಯೇ ಕೂರಿಸಿ ಮಾತನಾಡಿಸಿ ಕಳುಹಿಸುವ ತಂದೆ, ಮಗುವಿನ ತುಟಿ ಹೇಗೆ ಮಡಿಸಿಕೊಂಡಿದೆ ಎಂದು ಬಗ್ಗಿ ನೋಡುವ ತಂದೆಗಿಂತ ಹೆಚ್ಚು ಉಪಕಾರ ಮಾಡುತ್ತಾನೆ.

ಆದರೆ ತಾಯಿ ತಾನಾಗಿಯೇ "ನೋವಾಗುತ್ತಿದೆ, ಸ್ವಲ್ಪ ನೋಡಿ" ಎಂದಾಗ ಏನು ನೋಡಬೇಕೆಂದು ಆತನಿಗೆ ತಿಳಿದಿರಬೇಕು. ಮಗುವಿನ ಬಾಯಿ ಅಗಲವಾಗಿ ತೆರೆದಿದೆಯೇ, ಗದ್ದ ಎದೆಗೆ ತಾಗಿದೆಯೇ, ಕೆಳದುಟಿ ಹೊರಕ್ಕೆ ಮಡಿಚಿದೆಯೇ, ತೊಟ್ಟಿನ ಸುತ್ತಲಿನ ಕಪ್ಪು ಭಾಗ ಮಗುವಿನ ಮೇಲ್ದುಟಿಯ ಕಡೆ ಹೆಚ್ಚಾಗಿ, ಕೆಳದುಟಿಯ ಕಡೆ ಕಡಿಮೆಯಾಗಿ ಕಾಣುತ್ತಿದೆಯೇ ಎಂಬುದನ್ನು ಮೇಲಿನಿಂದ ನೋಡುವ ತಾಯಿಗಿಂತ ಪಕ್ಕದಿಂದ ನೋಡುವವರಿಗೆ ಸುಲಭವಾಗಿ ಕಾಣುತ್ತದೆ. ಕೇಳಿದಾಗ ಮಾತ್ರ ಹೇಳಬೇಕು.

ರಾತ್ರಿ ಎಚ್ಚರವಿರುವ ಅಪ್ಪ:

ಗಂಡಸರ ಪರವಾಗಿ ಒಂದು ಮಾತು. ನಾವು ಪರೀಕ್ಷಕರಾಗಬೇಕೆಂದು ಫೋನ್ ನೋಡುವುದಿಲ್ಲ, ಭಯದಿಂದ ನೋಡುತ್ತೇವೆ. ಮಧ್ಯರಾತ್ರಿ ಮಗು ಅಳು ನಿಲ್ಲಿಸುವುದಿಲ್ಲ, ಹೆಂಡತಿ ಆಗಷ್ಟೇ ಹಾಲು ಕೊಟ್ಟು ಮುಗಿಸಿರುತ್ತಾಳೆ, ಎಬ್ಬಿಸಿ ಕೇಳುವಂತಹ ಹಿರಿಯರು ಯಾರೂ ಇರುವುದಿಲ್ಲ. ಆಗ "ಮಗು ಅಳು ನಿಲ್ಲಿಸುತ್ತಿಲ್ಲ ಹಾಲು ಸಾಲುತ್ತಿಲ್ಲವೇ" ಎಂದು ಟೈಪ್ ಮಾಡಿದರೆ ಏನು ಬರುತ್ತದೆ ಎಂಬುದನ್ನು ಒಮ್ಮೆ ನೀವೂ ಪ್ರಯತ್ನಿಸಿ ನೋಡಿ. ಮೊದಲು ಕಾಣುವುದು ಡಬ್ಬಿ ಹಾಲಿನ ಚಿತ್ರ. ಮರುದಿನದಿಂದ ಯಾವ ಪುಟ ತೆರೆದರೂ ಅದೇ ಡಬ್ಬಿ, ಅದೇ ನಗುವ ಮಗು, ಪಕ್ಕದಲ್ಲಿ ಬಾಟಲಿ ಹಿಡಿದು ಧನ್ಯನಾದಂತೆ ಕುಳಿತ ತಂದೆ. "ಆಕೆಗೂ ವಿಶ್ರಾಂತಿ, ನಿಮಗೂ ಮಗುವಿನೊಂದಿಗೆ ಬಾಂಧವ್ಯ" ಎಂಬ ಧಾಟಿಯ ಆ ಜಾಹೀರಾತುಗಳು ನನ್ನಂತಹವನನ್ನೇ ಗುರಿಯಾಗಿಟ್ಟುಕೊಂಡಿವೆ ಎಂಬುದು ಅರ್ಥವಾಗಲು ಸಾಕಷ್ಟು ಸಮಯ ಹಿಡಿಯಿತು. ಆ ಹೊತ್ತಿನಲ್ಲಿ ಕೇಳಬಹುದಾದ ಬೇರೊಂದು ಜಾಗ ಇದ್ದರೆ ಸಾಕು. ಈ ಗುಂಪಿನಿಂದ ನಾನು ಬಯಸುವುದು ಅಷ್ಟನ್ನೇ.

ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿನಿ:

ಮೇಲಿನವರು ಹೇಳಿದ್ದು ಆಕಸ್ಮಿಕವಲ್ಲ. ಶಿಶುಗಳಿಗೆ ನೀಡುವ ಡಬ್ಬಿ ಹಾಲಿನ ಡಿಜಿಟಲ್ ಮಾರಾಟ ತಂತ್ರಗಳ ಬಗ್ಗೆ ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಒಂದು ವರದಿ ಪ್ರಕಟಿಸಿತು. 2021ರ ಜನವರಿಯಿಂದ ಜೂನ್‌ವರೆಗೆ ಶಿಶು ಆಹಾರದ ಬಗ್ಗೆ ಜಾಲತಾಣಗಳಲ್ಲಿ ಪ್ರಕಟವಾದ 40 ಲಕ್ಷ ಪೋಸ್ಟ್‌ಗಳನ್ನು ಪರಿಶೀಲಿಸಿದ ಆ ವರದಿಯ ಪ್ರಕಾರ, ಕಂಪನಿಗಳ ಖಾತೆಗಳಿಂದ ದಿನಕ್ಕೆ ಸುಮಾರು 90 ಬಾರಿ ಏನಾದರೊಂದು ಪ್ರಕಟವಾಗುತ್ತಿತ್ತು ಮತ್ತು ಅವು 22.9 ಕೋಟಿ ಬಳಕೆದಾರರನ್ನು ತಲುಪುತ್ತಿದ್ದವು. ಆ ತಂತ್ರಗಳ ಪಟ್ಟಿಯಲ್ಲಿ ಆ್ಯಪ್‌ಗಳು, ತಾಯಂದಿರಿಗಾಗಿ ನಡೆಸುವ ಆನ್‌ಲೈನ್ ಬಳಗಗಳು, ಹಣ ಪಡೆದು ಬರೆಯುವ ಪ್ರಭಾವಿಗಳು, ಸ್ಪರ್ಧೆಗಳು, ಸಲಹಾ ಸೇವೆಗಳು ಎಲ್ಲವೂ ಇವೆ. ನಾವಿಲ್ಲಿ ಕಟ್ಟಬೇಕೆಂದಿರುವ ಗುಂಪಿನ ರೂಪವನ್ನೇ ಅವರು ಬಹಳ ಹಿಂದೆಯೇ ಕಟ್ಟಿ ಮುಗಿಸಿದ್ದಾರೆ!

ಎದೆಹಾಲಿನ ಬದಲಿ ಉತ್ಪನ್ನಗಳ ಮಾರಾಟದ ಬಗೆಗಿನ ಅಂತರರಾಷ್ಟ್ರೀಯ ಸಂಹಿತೆ 1981ರಲ್ಲಿ ವಿಶ್ವ ಆರೋಗ್ಯ ಅಧಿವೇಶನದಲ್ಲಿ, ಅಂದರೆ ವಿಶ್ವ ಆರೋಗ್ಯ ಸಂಸ್ಥೆಯ ಸದಸ್ಯ ರಾಷ್ಟ್ರಗಳ ವಾರ್ಷಿಕ ಸಭೆಯಲ್ಲಿ, ಅಂಗೀಕಾರವಾದಾಗ ಇಂತಹ ಜಾಲತಾಣಗಳಿರಲಿಲ್ಲ. ಸಾರ್ವಜನಿಕರಿಗೆ ಜಾಹೀರಾತು, ಉಚಿತ ಮಾದರಿ, ತಾಯಂದಿರೊಂದಿಗೆ ಮಾರಾಟ ಪ್ರತಿನಿಧಿಯ ನೇರ ಸಂಪರ್ಕ ಕೂಡದು ಎಂಬ ಅದರ ಆಶಯ ಫೋನಿನೊಳಗೆ ಸುಲಭವಾಗಿ ಸೋರಿಹೋಗುತ್ತದೆ. ಡಿಜಿಟಲ್ ಮಾರಾಟವನ್ನು ನಿಯಂತ್ರಿಸುವ ಬಗ್ಗೆ ಅದೇ ಅಧಿವೇಶನ ಪ್ರತ್ಯೇಕ ನಿರ್ಣಯ ಮಾಡಿದ್ದು 2025ರ ಮೇ ತಿಂಗಳಲ್ಲಿ. ಆದ್ದರಿಂದ ನಿಮ್ಮ ಗುಂಪಿಗೆ ನನ್ನ ಸಲಹೆ ಒಂದೇ: ಯಾವ ಶಿಶು ಆಹಾರ, ಬಾಟಲಿ, ನಿಪ್ಪಲ್ ತಯಾರಕರಿಂದಲೂ ಹಣವನ್ನಾಗಲಿ, ವಿಡಿಯೊವನ್ನಾಗಲಿ, "ಉಚಿತ ಮಾಹಿತಿ ಪುಸ್ತಿಕೆ"ಯನ್ನಾಗಲಿ ಪಡೆಯಬೇಡಿ. ಸದಸ್ಯರ ಫೋನ್ ಸಂಖ್ಯೆಯನ್ನು ಯಾರಿಗೂ ಕೊಡಬೇಡಿ. ಹೆರಿಗೆಯ ದಿನಾಂಕ ಮತ್ತು ಫೋನ್ ಸಂಖ್ಯೆ ಒಟ್ಟಿಗೆ ಇರುವ ಪಟ್ಟಿಗೆ ಮಾರುಕಟ್ಟೆಯಲ್ಲಿ ದೊಡ್ಡ ಬೆಲೆಯಿದೆ.

ಮಕ್ಕಳ ವೈದ್ಯೆ:

ರಾತ್ರಿ ಎಚ್ಚರವಿರುವ ಅಪ್ಪನವರ ಪ್ರಶ್ನೆಗೆ ಬರುತ್ತೇನೆ, ಏಕೆಂದರೆ ಗುಂಪು ಉಳಿಯುವುದೂ ಕೆಡುವುದೂ ಆ ಮಧ್ಯರಾತ್ರಿಯ ಪ್ರಶ್ನೆಯಲ್ಲಿಯೇ. ಹಾಲು ಸಾಲುತ್ತಿದೆಯೇ ಇಲ್ಲವೇ ಎಂಬುದನ್ನು ಅಳುವಿನಿಂದ ನಿರ್ಧರಿಸಲಾಗದು. ನವಜಾತ ಶಿಶು ಇಪ್ಪತ್ತನಾಲ್ಕು ಗಂಟೆಗಳಲ್ಲಿ 8ರಿಂದ 12 ಬಾರಿ ಹಾಲು ಕುಡಿಯುವುದು ಸಹಜ. ಸಂಜೆಯ ವೇಳೆ ಮೇಲಿಂದ ಮೇಲೆ ಹಲವು ಬಾರಿ ಬೇಡುವುದೂ ಸಹಜ. ಎದೆ ಮೆತ್ತಗಾಗಿದೆ ಎಂಬುದೂ ಹಾಲು ಕಡಿಮೆಯಾದದ್ದರ ಲಕ್ಷಣವಲ್ಲ. ನೋಡಬೇಕಾದದ್ದು ಎರಡನ್ನು. ಒಂದು ಮೂತ್ರ: ಐದನೆಯ ದಿನದ ನಂತರ ದಿನಕ್ಕೆ ಆರು ಬಾರಿಯಾದರೂ ಬಟ್ಟೆ ಚೆನ್ನಾಗಿ ಒದ್ದೆಯಾಗಬೇಕು. ಇನ್ನೊಂದು ತೂಕ: ಮೊದಲ ದಿನಗಳಲ್ಲಿ ಸ್ವಲ್ಪ ಇಳಿಯುವುದು ಸಾಮಾನ್ಯ, ಹತ್ತರಿಂದ ಹದಿನಾಲ್ಕು ದಿನಗಳೊಳಗೆ ಹುಟ್ಟಿದಾಗಿನ ತೂಕಕ್ಕೆ ಮರಳಬೇಕು, 10%ಕ್ಕಿಂತ ಹೆಚ್ಚು ಇಳಿದಿದ್ದರೆ ತಡಮಾಡದೆ ತೋರಿಸಬೇಕು. ಇವೆರಡರ ಲೆಕ್ಕವನ್ನೂ ತಂದೆಯೇ ಇಡಬಹುದು. ಬಟ್ಟೆ ಬದಲಾಯಿಸುವವನಿಗೆ ಮೂತ್ರದ ಲೆಕ್ಕ ತಾನಾಗಿಯೇ ಸಿಗುತ್ತದೆ. ಆ ಲೆಕ್ಕ ಕೈಯಲ್ಲಿದ್ದರೆ "ಹಾಲು ಸಾಲುತ್ತಿಲ್ಲವೇನೋ" ಎಂದು ಹತ್ತು ಮಂದಿ ಹೇಳಿದಾಗ ತಾಯಿಯ ಪರವಾಗಿ ಉತ್ತರ ಕೊಡಲು ಆತನಿಗೆ ಧೈರ್ಯ ಬರುತ್ತದೆ.

ಗುಂಪಿನಲ್ಲಿ ಚರ್ಚೆಯೇ ಕೂಡದ ವಿಷಯಗಳೂ ಇವೆ, ಅವನ್ನು ಮೇಲೆಯೇ ಅಂಟಿಸಿಡಿ. ಮೂರು ತಿಂಗಳೊಳಗಿನ ಮಗುವಿಗೆ 38 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಹೆಚ್ಚು ಜ್ವರ, ಹಾಲಿಗೂ ಎಚ್ಚರವಾಗದಷ್ಟು ಮಂಪರು, ಮೂತ್ರ ನಿಂತಿರುವುದು, ಉಸಿರಾಟದ ತೊಂದರೆ, ಹೆಚ್ಚುತ್ತಿರುವ ಕಾಮಾಲೆ. ಇವುಗಳಲ್ಲಿ ಯಾವುದಿದ್ದರೂ ಟೈಪ್ ಮಾಡುತ್ತ ಕೂರದೆ ಆಸ್ಪತ್ರೆಗೆ ಹೊರಡಬೇಕು. ತಾಯಿಗೆ ಜ್ವರ ಬಂದು ಎದೆಯ ಒಂದು ಭಾಗ ಕೆಂಪಾಗಿ ನೋಯುತ್ತಿದ್ದರೆ ಆಕೆಯೂ ವೈದ್ಯರನ್ನು ಕಾಣಬೇಕು. ಆದರೆ ಹಾಲು ಕೊಡುವುದನ್ನು ನಿಲ್ಲಿಸಬೇಕಾಗಿಲ್ಲ ಎಂಬುದನ್ನು ತಂದೆ ತಿಳಿದಿರಬೇಕು, ಏಕೆಂದರೆ ನಿಲ್ಲಿಸು ಎಂದು ಹೇಳುವವರು ಸುತ್ತಲೂ ಇರುತ್ತಾರೆ. ಔಷಧಿಯ ವಿಷಯದಲ್ಲಿಯೂ ಹಾಗೆಯೇ. ಬಹುಪಾಲು ಔಷಧಿಗಳನ್ನು ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದು. ಗುಂಪಿನಲ್ಲಿ ಯಾರೋ ಹೇಳಿದರೆಂದು ಔಷಧಿಯನ್ನೂ ನಿಲ್ಲಿಸಬಾರದು, ಹಾಲನ್ನೂ ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು.

ಸಂಶಯವುಳ್ಳ ಓದುಗ:

ಎಲ್ಲವೂ ಸರಿ, ಆದರೆ ಗಂಡಸರು ಇಂತಹ ಗುಂಪಿನಲ್ಲಿ ಬಾಯಿ ಬಿಡುತ್ತಾರೆಯೇ? ನಾನು ಸದಸ್ಯನಾಗಿರುವ ತಂದೆಯರ ಗುಂಪಿನಲ್ಲಿ ಕ್ರಿಕೆಟ್, ರಾಜಕೀಯ ಮತ್ತು ಶುಭೋದಯದ ಹೂವಿನ ಚಿತ್ರಗಳನ್ನು ಬಿಟ್ಟು ಬೇರೇನೂ ಬಂದದ್ದಿಲ್ಲ. ಯಾರಾದರೂ ನಿಜವಾದ ಕಷ್ಟ ಹೇಳಿಕೊಂಡರೆ ಎರಡು ಕೈಮುಗಿಯುವ ಚಿಹ್ನೆ ಬೀಳುತ್ತವೆ, ಅಲ್ಲಿಗೆ ಮುಗಿಯಿತು.

ಸಾರ್ವಜನಿಕ ಆರೋಗ್ಯದ ವಿದ್ಯಾರ್ಥಿನಿ:

ಬಾಯಿ ಬಿಡದಿರುವುದನ್ನು ಸೋಲೆಂದು ತಿಳಿಯಬೇಕಾಗಿಲ್ಲ. ಓದಿ ಸುಮ್ಮನಿರುವವರೇ ಯಾವ ಗುಂಪಿನಲ್ಲಿಯೂ ಹೆಚ್ಚು. ಆಸ್ಟ್ರೇಲಿಯಾದ ಪರ್ತ್‌ನಲ್ಲಿ ತಂದೆಯರಿಗಾಗಿಯೇ "ಮಿಲ್ಕ್ ಮ್ಯಾನ್" ಎಂಬ ಆ್ಯಪ್ ಒಂದನ್ನು ರೂಪಿಸಿ, ಹಾಲುಣಿಸುವಿಕೆಗೆ ನೆರವಾಗುವ ದೊಡ್ಡ ಪ್ರಯೋಗವೊಂದರ ಭಾಗವಾಗಿ ಬಳಸಿದರು. ಅದರಲ್ಲಿ ಮಾಹಿತಿಯ ಭಂಡಾರವೂ ಇತ್ತು, ಮಾತುಕತೆಗೆ ಒಂದು ವೇದಿಕೆಯೂ ಇತ್ತು, ಭಾಗವಹಿಸಿದಷ್ಟೂ ಅಂಕ ಮತ್ತು ಬ್ಯಾಜ್ ಸಿಗುವ ಆಟದ ಅಂಶವೂ ಇತ್ತು. ಸುಮ್ಮನೆ "ಪ್ರಶ್ನೆಗಳಿದ್ದರೆ ಕೇಳಿ" ಎಂದು ಬಿಡದೆ, ಆಯಾ ಹಂತಕ್ಕೆ ತಕ್ಕಂತೆ ಮಾತಿಗೆಳೆಯುವ ಪ್ರಶ್ನೆಯೊಂದನ್ನು ವೇದಿಕೆಯಲ್ಲಿ ಹಾಕಿ ಫೋನಿಗೆ ಸೂಚನೆ ಕಳುಹಿಸುತ್ತಿದ್ದರು. ಅದೇ ದೇಶದ "ಎಸ್ಎಂಎಸ್ ಫಾರ್ ಡ್ಯಾಡ್ಸ್" ಇನ್ನೂ ಸರಳವಾದದ್ದು: ಮಗುವಿನ ವಯಸ್ಸಿಗೆ ಹೊಂದಿಸಿದ ಚಿಕ್ಕ ಸಂದೇಶಗಳು ತಂದೆಯ ಫೋನಿಗೆ ತಾವಾಗಿಯೇ ಬರುತ್ತವೆ, ನಡುನಡುವೆ "ನೀವು ಹೇಗಿದ್ದೀರಿ" ಎಂದು ಆತನ ಮನಃಸ್ಥಿತಿಯನ್ನೂ ವಿಚಾರಿಸುತ್ತವೆ. ಯಾರೂ ಯಾರೆದುರೂ ಮಾತನಾಡಬೇಕಾಗಿಲ್ಲ. ನಿಮಗೆ ಎರಡೂ ಬೇಕಾಗಬಹುದು. ಎಲ್ಲರಿಗೂ ಹೋಗುವ ಸಂದೇಶ ಒಂದು ಕಡೆ, ಬೇಕಾದವರಿಗೆ ಮಾತನಾಡುವ ಜಾಗ ಇನ್ನೊಂದು ಕಡೆ. ಎರಡನ್ನೂ ಒಂದೇ ಗುಂಪಿನಲ್ಲಿ ಬೆರೆಸಿದರೆ ಮುಖ್ಯ ಸಂದೇಶ ಹೂವಿನ ಚಿತ್ರಗಳ ಕೆಳಗೆ ಹೂತುಹೋಗುತ್ತದೆ.

ಅವಳಿಗಳ ತಂದೆ:

ಇಲ್ಲಿಯವರೆಗೆ ಡಬ್ಬಿ ಹಾಲನ್ನು ಶತ್ರುವಿನಂತೆ ಚಿತ್ರಿಸಲಾಗಿದೆ. ನಮ್ಮ ಮಕ್ಕಳು ಅವಧಿಗೆ ಮುನ್ನ ಹುಟ್ಟಿದವರು. ವೈದ್ಯರ ಸಲಹೆಯಂತೆ ಕೆಲವು ವಾರ ಎದೆಹಾಲಿನೊಂದಿಗೆ ಅದನ್ನೂ ಕೊಟ್ಟೆವು. ಆ ದಿನಗಳಲ್ಲಿ ನಾನು ಸೇರಿದ್ದ ಒಂದು ಆನ್‌ಲೈನ್ ಬಳಗದಲ್ಲಿ ಈ ವಿಷಯ ಹೇಳಿದ ಕೂಡಲೇ ಬಂದ ಉಪದೇಶಗಳನ್ನು ಹೆಂಡತಿಗೆ ತೋರಿಸದೆ ಬಚ್ಚಿಡಬೇಕಾಯಿತು. ಜಾಹೀರಾತನ್ನು ವಿರೋಧಿಸುವುದು ಬೇರೆ, ಡಬ್ಬಿ ತೆರೆದ ಮನೆಯವರನ್ನು ದೂಷಿಸುವುದು ಬೇರೆ. ನಿಮ್ಮ ಗುಂಪಿನ ನಿಯಮಗಳಲ್ಲಿ ಇದು ಸ್ಪಷ್ಟವಾಗಿರಲಿ. ಇಲ್ಲದಿದ್ದರೆ ಹೆಚ್ಚು ನೆರವು ಬೇಕಾದವರೇ ಮೊದಲು ಹೊರನಡೆಯುತ್ತಾರೆ.

ಹಾಲುಣಿಸುವಿಕೆಯ ಸಲಹೆಗಾರ್ತಿ:

ನಿಮ್ಮ ಮಾತಿಗೆ ನಾನು ಸೇರಿಸುವುದು ಇಷ್ಟೇ: ಅಂತಹ ಮನೆಗಳಲ್ಲಿ ತಂದೆಯ ಕೆಲಸ ಇನ್ನೂ ಹೆಚ್ಚು. ಎದೆಹಾಲು ತೆಗೆಯುವ ಪಂಪ್‌ನ ಭಾಗಗಳನ್ನು ತೊಳೆದು ಒಣಗಿಸುವುದು, ತೆಗೆದ ಹಾಲಿನ ಮೇಲೆ ದಿನಾಂಕ ಮತ್ತು ಸಮಯ ಬರೆಯುವುದು, ಹಳೆಯದನ್ನು ಮೊದಲು ಬಳಸುವುದು ಇವೆಲ್ಲ ಪೂರ್ತಿ ಆತನದೇ ಆಗಬಹುದು. ತೆಗೆದ ಎದೆಹಾಲು 25 ಡಿಗ್ರಿಯವರೆಗಿನ ಕೋಣೆಯಲ್ಲಿ ನಾಲ್ಕು ಗಂಟೆ, ಫ್ರಿಜ್‌ನಲ್ಲಿ ನಾಲ್ಕು ದಿನ ಇರಬಲ್ಲದು. ಮಗು ಕುಡಿದು ಉಳಿಸಿದ್ದನ್ನು ಎರಡು ಗಂಟೆಯೊಳಗೆ ಬಳಸಬೇಕು, ಇಲ್ಲವೇ ಚೆಲ್ಲಬೇಕು. ಅವಧಿಗೆ ಮುನ್ನ ಹುಟ್ಟಿದ ಅಥವಾ ಆಸ್ಪತ್ರೆಯಲ್ಲಿರುವ ಮಗುವಿಗೆ ಈ ಮಿತಿಗಳಿಗಿಂತ ಆಸ್ಪತ್ರೆಯವರ ಸೂಚನೆಯೇ ಮೇಲು.

ರಾತ್ರಿ ಎಚ್ಚರವಿರುವ ಅಪ್ಪ:

ಹಾಗಾದರೆ ರಾತ್ರಿಯ ಒಂದು ಸರದಿಯನ್ನು ಬಾಟಲಿಯಲ್ಲಿ ನಾನೇ ಕೊಟ್ಟು ಆಕೆಗೆ ನಿದ್ದೆ ಮಾಡಲು ಬಿಡುವುದು ಒಳ್ಳೆಯದಲ್ಲವೇ? ಎಲ್ಲ ತಂದೆಯರ ಮೊದಲ ಯೋಚನೆ ಇದೇ ಆಗಿರುತ್ತದೆ.

ಹಾಲುಣಿಸುವಿಕೆಯ ಸಲಹೆಗಾರ್ತಿ:

ಯೋಚನೆ ಒಳ್ಳೆಯದು, ಕಾಲ ಸರಿಯಲ್ಲ. ಎದೆ ಎಷ್ಟು ಖಾಲಿಯಾಗುತ್ತದೆಯೋ ಅಷ್ಟು ಹಾಲು ತಯಾರಾಗುತ್ತದೆ, ಮತ್ತು ಪ್ರೊಲ್ಯಾಕ್ಟಿನ್ ಮಟ್ಟ ರಾತ್ರಿಯಲ್ಲಿ ಹೆಚ್ಚಿರುತ್ತದೆ. ಮೊದಲ ವಾರಗಳಲ್ಲಿ ರಾತ್ರಿಯ ಸರದಿ ತಪ್ಪಿಸಿದರೆ ಹಾಲಿನ ಪ್ರಮಾಣ ನೆಲೆಗೊಳ್ಳುವ ಮೊದಲೇ ಕುಗ್ಗಬಹುದು. ಎದೆ ಬಿಗಿದು ನೋವಿನಿಂದ ಆಕೆ ಹೇಗೂ ಎಚ್ಚರಗೊಳ್ಳುತ್ತಾಳೆ. ಎದೆಹಾಲು ಚೆನ್ನಾಗಿ ಹೊಂದಿಕೊಂಡ ಮೇಲೆ, ಅಂದರೆ ಸಾಮಾನ್ಯವಾಗಿ ಮೂರು ನಾಲ್ಕು ವಾರಗಳ ನಂತರ, ತೆಗೆದ ಹಾಲನ್ನು ಬಾಟಲಿಯಲ್ಲಿ ಕೊಡುವ ಬಗ್ಗೆ ಇಬ್ಬರೂ ಕೂಡಿ ಯೋಚಿಸಬಹುದು. ಅಲ್ಲಿಯವರೆಗೆ ರಾತ್ರಿಯ ಕೆಲಸವನ್ನು ಹಂಚಿಕೊಳ್ಳುವುದೆಂದರೆ ಹಾಲುಣಿಸುವುದೊಂದನ್ನು ಬಿಟ್ಟು ಉಳಿದದ್ದೆಲ್ಲ: ಮಗುವನ್ನು ಎತ್ತಿ ತಂದುಕೊಡುವುದು, ತೇಗು ಬರಿಸುವುದು, ಬಟ್ಟೆ ಬದಲಾಯಿಸುವುದು, ಮತ್ತೆ ಮಲಗಿಸುವುದು, ಆಕೆಯ ಕೈಗೆಟಕುವಂತೆ ನೀರು ಇಡುವುದು. ಬಾಂಧವ್ಯಕ್ಕೆ ಬಾಟಲಿಯೇ ಬೇಕೆಂಬುದು ಜಾಹೀರಾತಿನ ಮಾತು. ಅಂಗಿ ಬಿಚ್ಚಿ ಮಗುವನ್ನು ಬರಿಯ ಎದೆಯ ಮೇಲೆ ಮಲಗಿಸಿಕೊಂಡರೆ ಅದು ತಂದೆಯ ಬಳಿಯೂ ಶಾಂತವಾಗುತ್ತದೆ. ಹಾಗೆ ಮಲಗಿಸಿಕೊಂಡು ತಾನೂ ನಿದ್ದೆಹೋಗಬಾರದು, ಮುಖ್ಯವಾಗಿ ಸೋಫಾದ ಮೇಲೆ.

ಪ್ರಸವಪೂರ್ವ ತರಗತಿಯ ಶುಶ್ರೂಷಕ:

ಇಷ್ಟು ವಿಷಯ ಬರುತ್ತದೆಂದು ನಿರೀಕ್ಷಿಸಿರಲಿಲ್ಲ. ಮೇಲಿನ ಮಾತುಗಳನ್ನು ಆಧರಿಸಿ ಕೆಲವು ಸಂದೇಶಗಳ ಕರಡು ಮಾಡಿದ್ದೇನೆ. ಪ್ರತಿಯೊಂದೂ ಆಯಾ ದಿನಕ್ಕೆ, ಸಂಜೆ ಹೋಗುವಂತೆ.

ಹೆರಿಗೆಗೆ ಎರಡು ವಾರ ಮೊದಲು: "ಮಗು ಹುಟ್ಟಿದ ಮೊದಲ ಗಂಟೆಯೊಳಗೆ ಎದೆಗೆ ಹಾಕುವುದು ಒಳ್ಳೆಯದು. ಮಗುವನ್ನು ತಾಯಿಯ ಎದೆಯ ಮೇಲೆ ಯಾವಾಗ ಮಲಗಿಸುತ್ತೀರಿ ಎಂದು ಆಸ್ಪತ್ರೆಯವರನ್ನು ಇಂದೇ ಕೇಳಿಟ್ಟುಕೊಳ್ಳಿ. ಆ ದಿನ ಆಕೆಗೆ ಕೇಳುವ ಶಕ್ತಿ ಇರುವುದಿಲ್ಲ."

ಎರಡನೆಯ ದಿನ: "ಈಗ ಬರುವ ಹಳದಿ ಗಿಣ್ಣುಹಾಲು ಕೆಲವೇ ಚಮಚ. ಮಗುವಿನ ಹೊಟ್ಟೆಯೂ ಅಷ್ಟೇ ಚಿಕ್ಕದು. ಬೇರೇನಾದರೂ ಕುಡಿಸೋಣವೆಂದು ಯಾರಾದರೂ ಹೇಳಿದರೆ, ವೈದ್ಯರನ್ನು ಕೇಳಿ ಹೇಳುತ್ತೇನೆ ಎಂದು ನೀವೇ ಉತ್ತರಿಸಿ."

ಆರನೆಯ ದಿನ: "ಇಂದು ಮಗು ಎಷ್ಟು ಬಾರಿ ಮೂತ್ರ ಮಾಡಿತು? ನಿಮಗೆ ಗೊತ್ತಿಲ್ಲದಿದ್ದರೆ ನಾಳೆಯಿಂದ ಬಟ್ಟೆ ಬದಲಾಯಿಸುವವರು ನೀವು."

ಮೂರನೆಯ ವಾರ: "ಮಗು ಇದ್ದಕ್ಕಿದ್ದಂತೆ ಗಂಟೆಗೊಮ್ಮೆ ಹಾಲು ಕೇಳುತ್ತಿರಬಹುದು. ಬೆಳವಣಿಗೆಯ ಓಟ ಇದು. ಕೆಲವು ದಿನಗಳಲ್ಲಿ ಹಾಲೂ ಅದಕ್ಕೆ ತಕ್ಕಂತೆ ಹೆಚ್ಚುತ್ತದೆ. ಅಡುಗೆ, ಬಟ್ಟೆ, ಬಂದುಹೋಗುವವರು, ಎಲ್ಲವನ್ನೂ ಈ ದಿನಗಳಲ್ಲಿ ಆಕೆಯ ಪಟ್ಟಿಯಿಂದ ತೆಗೆದುಹಾಕಿ. ಹಾಲು ಕೊಡುವುದು ಸುಲಭ, ಸಹಜ ಎಂದು ಆಕೆಗೆ ನೆನಪಿಸಿ."

ಇಬ್ಬರು ಮಕ್ಕಳ ತಾಯಿ:

ಕೊನೆಯ ವಾಕ್ಯವನ್ನು ದಯವಿಟ್ಟು ತೆಗೆಯಿರಿ. ತೊಟ್ಟು ಬಿರಿದು ರಕ್ತ ಬರುತ್ತಿರುವಾಗ ಸುಲಭ ಎಂದು ಹೇಳುವ ಗಂಡನನ್ನು ಯಾರೂ ಕ್ಷಮಿಸುವುದಿಲ್ಲ. ಉಳಿದವು ಚೆನ್ನಾಗಿವೆ. ಆರನೆಯ ದಿನದ್ದು ಬಹಳ ಚೆನ್ನಾಗಿದೆ. ಇನ್ನೊಂದು ವಿಷಯ, ಫೋಟೊಗಳ ಬಗ್ಗೆ. ಸರಿಯಾಗಿ ಕುಡಿಯುತ್ತಿದೆಯೇ ಎಂದು ಕೇಳಲು ಹೆಂಡತಿ ಹಾಲುಣಿಸುತ್ತಿರುವ ಚಿತ್ರವನ್ನು ಗುಂಪಿಗೆ ಹಾಕುವವರು ಖಂಡಿತ ಇರುತ್ತಾರೆ.

ಪ್ರಸವಪೂರ್ವ ತರಗತಿಯ ಶುಶ್ರೂಷಕ:

ವಾಕ್ಯ ತೆಗೆದಿದ್ದೇನೆ. ಚಿತ್ರಗಳಿಗೆ ಗುಂಪಿನಲ್ಲಿ ಅವಕಾಶವಿಲ್ಲ. ಅಗತ್ಯವಿದ್ದರೆ ತಾಯಿಯೇ ನೇರವಾಗಿ ಸಲಹೆಗಾರ್ತಿಯವರಿಗೆ ವಿಡಿಯೊ ಕರೆ ಮಾಡಬಹುದು. ಹಾಲುಣಿಸುವ ಚಿತ್ರಗಳಿಗೆ ಅವಕಾಶವಿದೆ ಎಂದು ಫೇಸ್‌ಬುಕ್ ತನ್ನ ನಿಯಮಗಳಲ್ಲಿ 2015ರಲ್ಲಿಯೇ ಸ್ಪಷ್ಟಪಡಿಸಿದೆ ನಿಜ. ಆದರೆ ವೇದಿಕೆ ಬಿಡುತ್ತದೆ ಎಂದ ಮಾತ್ರಕ್ಕೆ ಗಂಡನಿಗೆ ಹಕ್ಕು ಬಂದಂತಾಗದು. ತನ್ನ ಚಿತ್ರ ಹಾಕುವ ತೀರ್ಮಾನ ತಾಯಿಯದು.

ಸಂಶಯವುಳ್ಳ ಓದುಗ:

ನನ್ನ ಸಂಶಯ ಅರ್ಧದಷ್ಟು ಕಡಿಮೆಯಾಗಿದೆ. ಉಳಿದರ್ಧ ತಂದೆಯ ಬಗ್ಗೆಯೇ. ಮೇಲಿನ ಸಂದೇಶಗಳೆಲ್ಲ ಆತನಿಗೆ ಕೆಲಸ ಹೇಳುತ್ತವೆ, ಆತನೇ ಕುಸಿಯುತ್ತಿದ್ದರೆ?

ಮಕ್ಕಳ ವೈದ್ಯೆ:

ಈ ಪ್ರಶ್ನೆ ಬರಬೇಕಾಗಿತ್ತು. ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿ 2010ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆಯ ಪ್ರಕಾರ, ಹೆರಿಗೆಯ ಆಸುಪಾಸಿನ ಅವಧಿಯಲ್ಲಿ ಸುಮಾರು 10% ತಂದೆಯರಲ್ಲಿ ಖಿನ್ನತೆ ಕಂಡುಬರುತ್ತದೆ, ಮಗುವಿಗೆ ಮೂರರಿಂದ ಆರು ತಿಂಗಳಾಗಿರುವಾಗ ಅದು ಹೆಚ್ಚು. ಅಂದರೆ ಎಲ್ಲರೂ "ಕಷ್ಟದ ದಿನಗಳು ಮುಗಿದವು" ಎಂದುಕೊಳ್ಳುವ ಹೊತ್ತಿನಲ್ಲಿ. ಸಿಡುಕು, ಮನೆಯಿಂದ ದೂರವಿರುವ ಬಯಕೆ, ಮಗು ಮಲಗಿದ್ದರೂ ನಿದ್ದೆ ಬಾರದಿರುವುದು ಇದರ ಲಕ್ಷಣಗಳಾಗಿರಬಹುದು. ನಾಲ್ಕನೆಯ ತಿಂಗಳಲ್ಲಿ ಕೆಲಸ ಹೇಳದ, "ನೀವು ಹೇಗಿದ್ದೀರಿ" ಎಂದು ಮಾತ್ರ ಕೇಳುವ ಒಂದು ಸಂದೇಶವಿರಲಿ, ಉತ್ತರ ಗುಂಪಿಗಲ್ಲದೆ ಒಬ್ಬ ವ್ಯಕ್ತಿಗೆ ಮಾತ್ರ ಹೋಗುವಂತಿರಲಿ. ಉತ್ತರ ಬಂದಾಗ ಏನು ಮಾಡಬೇಕು, ಯಾರ ಬಳಿಗೆ ಕಳುಹಿಸಬೇಕು ಎಂಬುದನ್ನು ಮೊದಲೇ ನಿರ್ಧರಿಸಿಟ್ಟುಕೊಂಡ ಮೇಲೆಯೇ ಕೇಳಿರಿ.

ಅವಳಿಗಳ ತಂದೆ:

ಆರು ತಿಂಗಳಾದ ಮೇಲೆ ಸದಸ್ಯರನ್ನು ತೆಗೆದುಹಾಕುತ್ತೀರಾ? ನನಗೆ ಉತ್ತರ ಕೊಟ್ಟವರಲ್ಲಿ ಉಪಯೋಗಕ್ಕೆ ಬಂದವರು ವೈದ್ಯರಿಗಿಂತ ಹೆಚ್ಚಾಗಿ ನನಗಿಂತ ಮೂರು ನಾಲ್ಕು ತಿಂಗಳು ಮುಂದಿದ್ದ ತಂದೆಯರು.

ಪ್ರಸವಪೂರ್ವ ತರಗತಿಯ ಶುಶ್ರೂಷಕ:

ತೆಗೆಯುವುದಿಲ್ಲ. ಮಾತುಕತೆಯ ಗುಂಪಿನಲ್ಲಿ ಇಷ್ಟವಿದ್ದವರು ಉಳಿಯಬಹುದು. ರಾತ್ರಿಯ ಪ್ರಶ್ನೆಗಳನ್ನು ನೋಡಿಕೊಳ್ಳಲು ಅಂತಹ ಇಬ್ಬರು ಮೂವರು ಒಪ್ಪಿದರೆ ನಮಗೆ ದೊಡ್ಡ ಸಹಾಯ. ವೈದ್ಯರು ಹೇಳಿದ ಅಪಾಯದ ಚಿಹ್ನೆಗಳ ಪಟ್ಟಿ ಅವರ ಬಳಿ ಇರುತ್ತದೆ. ಆದರೆ ನಮ್ಮ ನಿಗದಿತ ಸಂದೇಶಗಳು ಆರು ತಿಂಗಳಿಗೆ ನಿಲ್ಲುತ್ತವೆ.

ಹಾಲುಣಿಸುವಿಕೆಯ ಸಲಹೆಗಾರ್ತಿ:

ಅಲ್ಲಿಗೆ ನಿಲ್ಲಿಸುವುದು ಸರಿಯಲ್ಲ. ಆರು ತಿಂಗಳವರೆಗೆ ಎದೆಹಾಲು ಮಾತ್ರ, ಅನಂತರ ಇತರ ಆಹಾರದೊಂದಿಗೆ ಎರಡು ವರ್ಷ ಅಥವಾ ಅದಕ್ಕೂ ಹೆಚ್ಚು ಕಾಲ ಎದೆಹಾಲು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಶಿಫಾರಸು. "ಇನ್ನೂ ಕುಡಿಸುತ್ತಿದ್ದೀಯಾ" ಎಂದು ತಾಯಿಯನ್ನು ಕೇಳಲು ಜನ ಆರಂಭಿಸುವುದೇ ಆರು ತಿಂಗಳಾದ ಮೇಲೆ. ತಿಂಗಳಿಗೊಂದಾದರೂ ಸಂದೇಶ ಮುಂದುವರಿಯಲಿ. ಕೆಲಸಕ್ಕೆ ಮರಳುವ ತಾಯಿ, ಹಾಲು ನಿರಾಕರಿಸುವ ಮಗು, ಹಲ್ಲು ಬಂದಾಗಿನ ಕಡಿತ, ಇವುಗಳಿಗೆ ಒಂದೊಂದು ಬೇಕು. ಕೊನೆಯದನ್ನು ಬರೆದೇ ಕೊಟ್ಟಿದ್ದೇನೆ, ಬಳಸಿಕೊಳ್ಳಿ:

"ಮಗುವಿಗೆ ಹಲ್ಲು ಬಂದಿದೆಯೇ? ಹಾಲು ನಿಲ್ಲಿಸಬೇಕಾಗಿಲ್ಲ. ಸರಿಯಾಗಿ ಕುಡಿಯುತ್ತಿರುವಾಗ ಮಗುವಿನ ನಾಲಿಗೆ ಕೆಳಗಿನ ಹಲ್ಲುಗಳನ್ನು ಮುಚ್ಚಿರುತ್ತದೆ, ಕಚ್ಚಲು ಆಗುವುದಿಲ್ಲ. ಹೊಟ್ಟೆ ತುಂಬಿ ಆಟಕ್ಕಿಳಿದಾಗ ಕಚ್ಚುತ್ತದೆ. ಆಗ ಎಳೆಯಬಾರದು, ಬಾಯಿಯ ಮೂಲೆಯಿಂದ ಕಿರುಬೆರಳು ತೂರಿಸಿದರೆ ಹಿಡಿತ ಸಡಿಲವಾಗುತ್ತದೆ. ಮಗುವನ್ನು ಕೂಡಲೇ ನೀವು ಎತ್ತಿಕೊಳ್ಳಿ. ಆಕೆ ನೋವಿನಿಂದ ಕೂಗಿದರೆ, ಅಷ್ಟಕ್ಕೆಲ್ಲ ಕೂಗುವುದೇ ಎಂದು ಕೇಳಬೇಡಿ."